ಒಂದೇ ಕಡಗ

ಆ ದಿನಗಳಲ್ಲಿ ಕೋಥರೂಡಿನ ನಮ್ಮ ಹೌಸಿಂಗ್ ಸೊಸೈಟಿಗೆ ನೀರು ಬೆಳಿಗ್ಗೆ ಒಂದು ತಾಸು ಮಾತ್ರ ಬರುತ್ತಿತ್ತು. ಅವತ್ತೂ ಪಪ್ಪ ಬಕೆಟ್ ತುಂಬಿಸಿದರು, ಅವ್ವ ನನಗೆ ಎರಡು ಜಡೆ ಹಾಕಿದಳು. ಶಾಲೆಗೆ ಹೋಗುವುದಿರಲಿಲ್ಲ, ಆದರೂ ಕಾನ್ವೆಂಟಿನ ಸಿಸ್ಟರ್‌ಗಳು ನೋಡುತ್ತಾರೇನೋ ಎಂಬಂತೆ ರಿಬ್ಬನ್ ಬಿಗಿದು ಕಟ್ಟಿದಳು. ಮನೆ ತುಂಬ ಬಾಣಂತಿ ಕೋಣೆಯ ಓಮಿನ ಹೊಗೆ, ಬೇಯುವ ಕಡಲೆ ಗುಗ್ಗರಿಯ ವಾಸನೆ. ತಮ್ಮ ಹುಟ್ಟಿ ಹನ್ನೆರಡು ದಿನವಾಗಿತ್ತು. ಅವತ್ತು ಅವನಿಗೆ ಹೆಸರಿಡುವ ದಿನ.

ನನಗಾಗ ಎಂಟು ವರ್ಷ. ಕೂಸಿನ ಕಿವಿಯಲ್ಲಿ ಹೆಸರು ಉಸುರಿದ ಕೂಡಲೇ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುತ್ತಾರಲ್ಲ, ಆ ಮೋಜಿಗಾಗಿ ವಾರದಿಂದ ಕಾಯುತ್ತಿದ್ದೆ.

ಆ ದಿನ ಒಮ್ಮೆ ಮುಗಿದರೆ ಸಾಕೆಂದು ಅವ್ವ ಕಾಯುತ್ತಿದ್ದಳು. ಹೆರಿಗೆಯಲ್ಲಿ ತಮ್ಮನ ಭುಜ ಸಿಕ್ಕಿಕೊಂಡು, ಎಳೆದು ತೆಗೆಯುವಾಗ ಎಡಗೈಯ ನರಕ್ಕೆ ಪೆಟ್ಟಾಗಿತ್ತು. ಆ ಕೈ ಒದ್ದೆ ಟವೆಲ್ಲಿನಂತೆ ಜೋತಾಡುತ್ತಿತ್ತು. ಬಹುಶಃ ಸರಿಹೋಗುತ್ತದೆ ಎಂದಿದ್ದರು ಡಾಕ್ಟರು. ಅವ್ವನ ಕಿವಿಗೆ ಬಿದ್ದದ್ದು 'ಬಹುಶಃ' ಮಾತ್ರ. ಉದ್ದ ತೋಳಿನ ಅಂಗಿ ಹೊಲಿದು, ಎಡತೋಳಿನ ತುದಿಗೆ ಎರಡು ಹೊಲಿಗೆ ಹಾಕಿ ಮುಚ್ಚಿದ್ದಳು.

"ಮಂದಿ ಮುಂದ ಬಾಯಿ ಬಿಡಬ್ಯಾಡ, ಪುಟ್ಟಿ. ಇವತ್ತೊಂದಿನ."

ಹನ್ನೊಂದಕ್ಕೆ ಸೋಲಾಪುರದಿಂದ ಪಪ್ಪನ ಅಕ್ಕ, ನನ್ನ ಅತ್ತಿ, ಬಂದಳು. ತೊಟ್ಟಿಲಿನ ಆಚೆ ಈಚೆ ನಿಂತ ಹೆಂಗಸರು ಕೂಸನ್ನು ಮೇಲಿನಿಂದ ಕೊಟ್ಟು ಕೆಳಗಿನಿಂದ ತೆಗೆದುಕೊಂಡರು. ಹೆಸರು ಉಸುರುವ ಮೊದಲು ಅತ್ತಿ ಎರಡು ಬೆಳ್ಳಿ ಕಡಗ ತೆಗೆದು, ಒಂದನ್ನು ಬಲಗೈಗೆ ಹಾಕಿ, ಎಡತೋಳಿಗೆ ಕೈ ಹಚ್ಚಿದಳು.

"ಅದನ್ನ ಆಮ್ಯಾಲ ಹಾಕೋಣ ಬಿಡ್ರಿ, ಅಕ್ಕಾರ," ಎಂದಳು ಅವ್ವ.

"ಯಾಕವಾ? ಬಂಗಾರದ್ದಲ್ಲ ಅಂತನ?"

ಅತ್ತಿ ಅಂಗಿಯ ತೋಳು ಜಗ್ಗಿದಳು. ಹೊಲಿಗೆ ಪಟ್ಟೆಂದು ಹರಿಯಿತು. ತಮ್ಮನಿಗೆ ನೋಯುತ್ತದೆಂದು ನನಗೆ ಹೆದರಿಕೆ.

"ಜಗ್ಗಬ್ಯಾಡ ಅತ್ತಿ! ಆ ಕೈ ಏಳಂಗಿಲ್ಲ. ಅದನ್ನ ಮುಟ್ಟಿದ್ರ ಅವ್ವ ಅಳ್ತಾಳ!"

ಅತ್ತಿ ಆ ಕೈ ಎತ್ತಿ ಬಿಟ್ಟಳು. ಬಿತ್ತು. ಹಿಂದೆ ನಿಂತವರಿಗೂ ಕಾಣಲೆಂದು ಇನ್ನೊಮ್ಮೆ ಎತ್ತಿ ಬಿಟ್ಟಳು.

"ಹಡಿಯೋ ಬ್ಯಾನಿ ತಿನ್ನೂಮುಂದ ತಾಯಿ ಗಟ್ಟಿ ಇರಬೇಕಾಗ್ತದ ನೋಡ್ರಿ. ಇಕಿ ಮೊದಲಿಂದ ನಾಜೂಕು." ಉಳಿದ ಕಡಗವನ್ನು ಕರವಸ್ತ್ರದಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡಳು. "ಒಂದ ಸಾಕಲ್ಲ ಮತ್ತ."

ಬಾಗಿಲಲ್ಲಿ ನಿಂತಿದ್ದ ಪಪ್ಪ, "ಪೇಡೆ ಕಡಿಮಿ ಬೀಳ್ತಾವ, ತರ್ತೀನಿ" ಎಂದು ಮೆಟ್ಟಿಲಿಳಿದು ಹೋದರು. ಅವ್ವ ಗುಗ್ಗರಿ ತಟ್ಟೆ ಹಿಡಿದು ನಿಂತೇ ಇದ್ದಳು. ಅತ್ತಿ ಬಾಗಿ ಹೆಸರು ಉಸುರಿದಳು. ಯಾರೂ ಗುದ್ದಲಿಲ್ಲ. ನಾನು ಗುದ್ದಿದೆ, ಎರಡೂ ಮುಷ್ಟಿಯಿಂದ, ನೋಯಲೆಂದೇ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

"ಭಾಳ ಜೋರ ಅದಾಳ್ರೀ ನಿಮ್ಮ ತಮ್ಮನ ಮಗಳು!"

ಮತ್ತೆ ಗುಗ್ಗರಿ ಹಂಚಿದರು, ಮಾತು ಬೇರೆ ಕಡೆ ಹೊರಳಿತು.

ತಮ್ಮ ಈಗ ಬೈಕಿನಲ್ಲಿ ಲೋಣಾವಳಾ ಘಾಟ್ ಹತ್ತುತ್ತಾನೆ. ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ, ಅಷ್ಟೇ. ಅವನಿಗಾದ ನಷ್ಟ ಅಷ್ಟು. ಅವ್ವ ಮಾತ್ರ ನಾಲ್ಕು ಮಂದಿಯ ಮುಂದೆ ಅವನನ್ನು ಎತ್ತಿಕೊಂಡದ್ದನ್ನು ನಾನು ಆಮೇಲೆ ನೋಡಲಿಲ್ಲ. ನನ್ನ ಹತ್ತಿರ ಅವಳು ಗುಟ್ಟು ಹೇಳಿದ್ದೂ ಅದೇ ಕೊನೆ. ನನ್ನ ಮದುವೆಯಾಗುವವರೆಗೂ, ನಾನು ಒಳಗೆ ಬಂದರೆ ಅಡುಗೆಮನೆಯ ಮಾತು ನಿಲ್ಲುತ್ತಿತ್ತು.

ಅವತ್ತು ಸಂಜೆ ಮನೆ ಖಾಲಿಯಾದ ಮೇಲೆ ಎದುರು ಮನೆಯ ಹೆಂಗಸು, ನಾವು ಕಾಕು ಎಂದು ಕರೆಯುತ್ತಿದ್ದವರು, ಬಂದರು. ಆಫೀಸಿದ್ದುದರಿಂದ ಕಾರ್ಯಕ್ರಮಕ್ಕೆ ಬಂದಿರಲಿಲ್ಲ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಪಪ್ಪ ಒಳಗೆ ಸಿಳ್ಳೆ ಹಾಕುತ್ತ ತೊಟ್ಟಿಲಿನ ಹೂ ಬಿಚ್ಚುತ್ತಿದ್ದರು. ಕಾಕು ಒಂದು ಹಿಡಿ ಗುಗ್ಗರಿ ಬಾಯಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟುತ್ತ ಅವ್ವನಿಗೆ ಹೇಳಿದರು:

"ಮಧ್ಯಾಹ್ನ ಫೈಲ್ ಒಯ್ಯಾಕ ಬಂದಿದ್ನಿರಿ. ನಿಮ್ಮ ಸಾಹೇಬ್ರು ಪಾರ್ಕಿಂಗ್‌ದಾಗ ಸ್ಕೂಟರ್ ಹಿಂದ ಕುಂತು ಸಣ್ಣ ಹುಡುಗರಗತೆ ಅಳಾಕತ್ತಿದ್ರು. ಗಂಡ್ಮಗ ಹುಟ್ಟಿದ್ರ ಗಂಡಸರಿಗೆ ಇಷ್ಟು ಖುಷಿ ಆಗ್ತದೇನ್ರಿ!"