ದಾನವ್ವನ ಹಕ್ಕಿಗಳೂ ಮೊಳೆಯ ಮೇಲಿನ ಅಳತೆಯೂ

ದಾನವ್ವನ ಕಡೆ ಕುಬಸ ಹೊಲಿಯಲು ಕೊಟ್ಟವರು ಕೊಟ್ಟದ್ದನ್ನು ಮರೆತುಬಿಡುವುದು ಛಲೋ. ಶ್ರಾವಣದಲ್ಲಿ ಕೊಟ್ಟದ್ದು ದೀಪಾವಳಿಗೆ ಕೈಗೆ ಬಂದರೆ ನಮ್ಮ ಓಣಿಯಲ್ಲಿ ಅದನ್ನು ಲಗೂ ಆಯಿತು ಎನ್ನುತ್ತೇವೆ. ಕೇಳಿದಾಗಲೆಲ್ಲ ಒಂದೇ ಉತ್ತರ: “ಸ್ವಾಮಾರ ಬರ್ರಿ ಅಕ್ಕೋರ.” ಯಾವ ಸೋಮವಾರ ಎಂದು ಆಕೆ ಹೇಳುವುದಿಲ್ಲ. ಇಪ್ಪತ್ತು ವರ್ಷ ಸಾಲಿಯಲ್ಲಿ ಹುಡುಗರ ನೆಪಗಳನ್ನು ಕೇಳಿ ಪಳಗಿದ ನಾನೂ ಈ ಸೋಮವಾರವನ್ನು ನಂಬಿ ಮನೆಗೆ ಮರಳುತ್ತೇನೆ. ಆದರೂ ಬೇರೆ ಕಡೆ ಹೋಗಲು ಮನಸ್ಸಿಲ್ಲ. ಆಕೆ ಹೊಲಿದ ಕುಬಸ ತೊಟ್ಟರೆ ಅದರ ಭುಜ ನಮ್ಮ ಭುಜದಲ್ಲೇ ಇರುತ್ತದೆ.

ಲಕಮನಹಳ್ಳಿಯಲ್ಲಿ ನಮ್ಮ ಎದುರಿಗಿನ ಎರಡು ಕೋಣೆಯ ಮನೆ ಆಕೆಯದು. ಗಂಡ ಇಲ್ಲಿಯೇ ಒಂದು ಕಾರಖಾನೆಯಲ್ಲಿದ್ದ, ತೀರಿಕೊಂಡು ಎಂಟು ವರ್ಷವಾಯಿತು. ಮಕ್ಕಳಿಲ್ಲ. ಅರವತ್ತು ದಾಟಿದ ಮೇಲೆ ಒಂದು ದಿನ ಹುಬ್ಬಳ್ಳಿಗೆ ದಾರ ತರಲು ಹೋದವಳು ಹಕ್ಕಿ ಮಾರುವ ಇಕ್ಬಾಲನ ಅಂಗಡಿಯಿಂದ ಒಂದು ಜೋಡಿ ಲವ್ ಬರ್ಡ್ಸ್ ತಂದಳು. ಹಸಿರು ಮೈ, ಕೆಂಪು ಮುಖ, ಗಟ್ಟಿ ಕೊಕ್ಕು.

“ಈ ವಯಸ್ಸಿನ್ಯಾಗ ಇದೇನ್ ಹುಚ್ಚು ದಾನವ್ವ?” ಎಂದೆ.

“ಮಿಶನ್ ಒಂದ ಎಷ್ಟಂತ ಮಾತಾಡ್ತೈತ್ರಿ?” ಎಂದಳು.

ಎರಡಕ್ಕೂ ಆಕೆ ಹೆಸರಿಟ್ಟಳು, ಗೌಡ ಮತ್ತು ಗೌಡ್ತಿ. ಮುಖ ಹೆಚ್ಚು ಕೆಂಪಾಗಿದ್ದದ್ದು ಗೌಡ್ತಿ ಎಂದು ಆಕೆಯೇ ತೀರ್ಮಾನಿಸಿದಳು. ಅಂದಿನಿಂದ ಓಣಿಗೆ ಆಕೆಯೇ ಹಕ್ಕಿವಾರ್ತೆಯ ಆಕಾಶವಾಣಿ. ಗೌಡ್ತಿ ಕತ್ತು ಬಗ್ಗಿಸಿದರೆ ಗೌಡ ಕೊಕ್ಕಿನಿಂದ ಕತ್ತಿನ ಗರಿ ಹೆಕ್ಕಿ ಹೆಕ್ಕಿ ಸರಿಮಾಡುತ್ತಾನಂತೆ. ಅಲ್ಲಿಗೆ ತನ್ನ ಕೊಕ್ಕು ಎಟುಕುವುದಿಲ್ಲವಲ್ಲ, ಅದಕ್ಕೇ ಜೋಡಿ ಬೇಕಂತೆ. ಬಾಯಿಗೆ ಬಾಯಿಟ್ಟು ಕಾಳು ತಿನ್ನಿಸುತ್ತವಂತೆ. ಒಂದು ಹಕ್ಕಿ ಗೂಡಿನ ಹಿಂದೆ ಮರೆಯಾದರೆ ಇನ್ನೊಂದು, ಮನೆಯ ಹಂಚು ಹಾರಿಹೋಗುವಂತೆ ಕೂಗುತ್ತದಂತೆ. ಈ ಕೂಗನ್ನು ಆಕೆ ಹೇಳಬೇಕಾಗಿರಲಿಲ್ಲ, ನಮ್ಮ ಮನೆಗೂ ಕೇಳುತ್ತಿತ್ತು.

ಎಲ್ಲಕ್ಕಿಂತ ಆಕೆಗೆ ಬೆರಗೆಂದರೆ ಅವು ಕಾಗದ ಕತ್ತರಿಸುವ ರೀತಿ. ಕೊಕ್ಕಿನಿಂದ ಅಂಚಿಗುಂಟ ಚುಚ್ಚುತ್ತ ಹೋಗಿ ಬೆರಳುದ್ದದ ಪಟ್ಟಿ ತೆಗೆದು, ಅದನ್ನು ಬಾಲದ ಮೇಲಿನ ಗರಿಗಳಲ್ಲಿ ಸಿಕ್ಕಿಸಿಕೊಂಡು ಗೂಡಿಗೆ ಒಯ್ಯುತ್ತಿದ್ದವು. ಗೌಡ್ತಿಯಷ್ಟೇ ಅಲ್ಲ, ಗೌಡನೂ. “ಹೆಂಡ್ತಿಗೆ ಹಿಂಗ ಕೈಜೋಡಸೋ ಗಂಡನ್ನ ನೋಡೀರೇನ್ರಿ?” ಎಂದು ಓಣಿಯ ಹೆಂಗಸರಿಗೆಲ್ಲ ತೋರಿಸಿದಳು. ಕುಡಿದ ಚಹಾದ ಕಪ್ಪನ್ನು ಒಳಗೆ ತಂದಿಡದ ನಮ್ಮ ಮನೆಯವರಾದ ತ್ರ್ಯಂಬಕರಾಯರಿಗೂ ನಾನು ಗೌಡನ ಉದಾಹರಣೆ ಕೊಟ್ಟೆ. ಪ್ರಯೋಜನವಾಗಲಿಲ್ಲ.

ಒಂದು ದಿನ ಗೌಡ ನನ್ನ ಕುಬಸದ ಅಳತೆಯನ್ನೇ, ಬಟ್ಟೆಯ ಮೇಲೆ ಹಾಸಿ ಕತ್ತರಿಸುವ ಆ ಕಾಗದವನ್ನೇ, ಪಟ್ಟಿ ಪಟ್ಟಿ ಮಾಡಿಬಿಟ್ಟ. ನನಗೆ ಸಿಟ್ಟು ನೆತ್ತಿಗೇರಿತು. ಗೋಡೆಯ ಮೊಳೆಗೆ ಒಂದು ಹಳೆಯ ಅಳತೆ ನೇತಾಡುತ್ತಿತ್ತು. ಕಂದು ಕಾಗದ, ಮಡಿಕೆಗಳಲ್ಲಿ ಸವೆದದ್ದು. “ಹಕ್ಕಿಗೆ ಅದನ್ನ ಕೊಡಬೇಕಿತ್ತು. ಯಾರಿಗೂ ಬ್ಯಾಡಾದದ್ದು ಅದು” ಎಂದು ಕೈಚಾಚಿದೆ.

“ಅದನ್ನ ಮುಟ್ಟಬ್ಯಾಡ್ರಿ!”

ಇಷ್ಟು ವರ್ಷದಲ್ಲಿ ದಾನವ್ವ ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ನಾನು ಮುಖ ಊದಿಸಿಕೊಂಡು ಮನೆಗೆ ಬಂದೆ.

ಎಂಟು ದಿನಕ್ಕೆ ತಾನೇ ಓಡಿಬಂದಳು. “ಅಕ್ಕೋರ, ಗೌಡ್ತಿ ತತ್ತಿ ಇಟ್ಟಾಳ್ರಿ! ಕುಬಸ ಮಾಡಬೇಕು. ನಾ ಉಡಿ ತುಂಬಾಕ ಬರಂಗಿಲ್ಲ, ನೀವ ತುಂಬ್ರಿ.” ನಮ್ಮ ಕಡೆ ಕುಬಸವೆಂದರೆ ಸೀಮಂತವೂ ಹೌದು. ತತ್ತಿ ಇಟ್ಟ ಮೇಲೆ ಎಂಥ ಸೀಮಂತ ಎಂದು ನಾನು ವಾದಿಸಬಹುದಿತ್ತು. ಆಕೆಯ ಮುಖ ನೋಡಿ ಒಪ್ಪಿಕೊಂಡೆ. ಗಂಡ ಸತ್ತವಳು ಉಡಿ ತುಂಬಬಾರದೆಂಬ ಕಟ್ಟಳೆ ಹಕ್ಕಿಯ ವಿಷಯದಲ್ಲೂ ಆಕೆಯನ್ನು ಬಿಟ್ಟಿರಲಿಲ್ಲ. ಆ ಕಟ್ಟಳೆ ಮಾಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಐದು ಜನ ಮುತ್ತೈದೆಯರು ಸೇರಿದೆವು. ಗೌಡ್ತಿ ಕೂರುವ ಕಡೆ ಪಂಜರಕ್ಕೆ ಹಸಿರು ಬಳೆ ಕಟ್ಟಿ, ನವಣೆ ಸುರಿದು, ಹಾಡು ಹೇಳಿ, ದಾನವ್ವ ಮಾಡಿದ ಮಾದಲಿ ಉಂಡು ಬಂದೆವು.

ತತ್ತಿ ನಾಲ್ಕಾದವು, ಏಳಾದವು, ಹತ್ತಾದವು. ಗೌಡನೂ ಗೌಡ್ತಿಯೂ ಒಟ್ಟಿಗೇ ಗೂಡಿನಲ್ಲಿ ಕಾವು ಕೂತರು. ಇಪ್ಪತ್ಮೂರು ದಿನಕ್ಕೆ ಮರಿ ಎಂದಿದ್ದರು. ನಲವತ್ತು ದಿನವಾದರೂ ಒಂದೂ ಒಡೆಯಲಿಲ್ಲ. ದಾನವ್ವನ ಊಟ ಕಡಿಮೆಯಾಯಿತು. ಕೊನೆಗೆ ನಾನೇ ಇಕ್ಬಾಲನಿಗೆ ಫೋನು ಮಾಡಿ ಕರೆಸಿದೆ.

ಆತ ಒಂದೊಂದೇ ತತ್ತಿ ತೆಗೆದು ಮೊಬೈಲಿನ ಬೆಳಕು ಹಿಡಿದ. “ಎಲ್ಲಾ ಖಾಲಿ ಅದಾವ್ರಿ.” ಆಮೇಲೆ, ಬಾಲದಲ್ಲಿ ಕಾಗದ ಸಿಕ್ಕಿಸಿಕೊಳ್ಳುತ್ತಿದ್ದ ಗೌಡನನ್ನು ನೋಡಿ ನಕ್ಕುಬಿಟ್ಟ. “ಅವ್ವಾರ, ಈ ಕೆಲಸ ಹೆಣ್ಣಿಂದು. ಗಂಡು ಸಿಕ್ಕಸಾಕ ಹೋದ್ರೂ ಬೀಳಿಸ್ತೈತಿ. ಇವ ಎರಡೂ ಹೆಣ್ಣ ಅದಾವು. ಹತ್ತ ತತ್ತಿ ಒಂದ ಹಕ್ಕಿ ಇಡತೈತೇನ್ರಿ? ಇಬ್ಬರೂ ಕೂಡಿ ಇಟ್ಟಾವು.”

“ಗಂಡ ಹೆಂಡ್ತಿ ಹಂಗ ಇದ್ವಲ್ಲೋ!” ಎಂದೆ ನಾನು.

“ಇದ್ರೊಳಗ ನೋಡಿ ಹೇಳಾಕ ಬರಂಗಿಲ್ರಿ. ಜೋಡಿ ಅಂತ ಒಪ್ಪಿಕೊಂಡ್ರ ಎರಡ ಹೆಣ್ಣಾದ್ರೂ ಹಿಂಗ ಇರ್ತಾವು.” ತಪ್ಪು ತನ್ನದು, ಒಂದನ್ನು ಒಯ್ದು ಗಂಡು ಹಕ್ಕಿ ತಂದುಕೊಡುತ್ತೇನೆ ಎಂದ. ಆದರೆ ಹೊಸದನ್ನು ಒಮ್ಮೆಲೇ ಒಳಗೆ ಬಿಡಬಾರದು, ಹಳೆಯದು ಅದರ ಕಾಲು ಕಚ್ಚಿ ಹಾಕುತ್ತದೆ. ಹದಿನೈದು ದಿನ ಪಕ್ಕದಲ್ಲಿ ಬೇರೆ ಪಂಜರ ಇಟ್ಟು ರೂಢಿ ಮಾಡಿಸಬೇಕು. ದಾನವ್ವ ಆಗಲಿ ಎಂದಳು. ಮರಿಯ ಆಸೆ ಅಷ್ಟಿತ್ತು.

ಇಕ್ಬಾಲ ಗೌಡ್ತಿಯನ್ನು ಹಿಡಿದು ತೂತಿನ ರಟ್ಟಿನ ಡಬ್ಬಿಗೆ ಹಾಕಿದ. ಡಬ್ಬಿಯೊಳಗಿನಿಂದ ಅದು ಕೂಗಿತು. ಪಂಜರದೊಳಗಿನದು ಸರಳು ಕಚ್ಚುತ್ತ ಕೂಗಿತು. ದಾನವ್ವ ಮಿಶನ್ನಿನ ಮುಂದೆ ಕೂತು ತುಳಿಯತೊಡಗಿದಳು. ಸೂಜಿಯಲ್ಲಿ ದಾರವಿರಲಿಲ್ಲ.

“ಎಷ್ಟ ದಿನ ಕೂಗ್ತೈತಿ?” ಎಂದು ಕೇಳಿದಳು.

“ಎಂಟ ದಿನ, ತಿಂಗಳ. ಆಮ್ಯಾಲ ಮರೀತೈತ್ರಿ.”

“ನನಗೂ ಹಂಗ ಹೇಳಿದ್ರು” ಎಂದು ಎದ್ದು, ಡಬ್ಬಿ ಕಸಿದುಕೊಂಡು, ಹಕ್ಕಿಯನ್ನು ಪಂಜರಕ್ಕೆ ಬಿಟ್ಟಳು. “ನನಗ ಮರಿ ಬ್ಯಾಡ. ನೀ ಹೋಗಪ.”

ಹೋಗುವ ಮೊದಲು ಇಕ್ಬಾಲ, ತತ್ತಿ ತೆಗೆಯಬೇಡಿ, ಸಾಕಾದ ಮೇಲೆ ಅವೇ ಬಿಟ್ಟು ಏಳುತ್ತವೆ ಎಂದು ಹೇಳಿಹೋದ. ಅವತ್ತು ದಾನವ್ವ ಮೊಳೆಯ ಮೇಲಿನ ಅಳತೆಯನ್ನು ಇಳಿಸಿ ನನ್ನ ಕೈಗೆ ಕೊಟ್ಟಳು. ಅದು ಆಕೆಯ ತಂಗಿ ರಾಜೇಶ್ವರಿಯದು.

ನಾವು ಈ ಓಣಿಗೆ ಬರುವ ಮೊದಲಿನ ಮಾತು. ದಾನವ್ವನಿಗೆ ಮಕ್ಕಳಾಗಲಿಲ್ಲವೆಂದು ಮನೆಯವರು ಆಕೆಯ ತಂಗಿಯನ್ನೇ ಅದೇ ಗಂಡನಿಗೆ ತಂದುಕೊಂಡಿದ್ದರಂತೆ. ಸವತಿಯರು ಜಗಳಾಡುತ್ತಾರೆಂದು ಓಣಿ ಕಾದು ಕೂತಿತ್ತು. ಅಕ್ಕ ತಂಗಿ ಒಬ್ಬರಿಗೊಬ್ಬರು ತಲೆಗೆ ಎಣ್ಣೆ ಹಚ್ಚಿಕೊಂಡು, ಒಂದೇ ಗಂಗಾಳದಲ್ಲಿ ಉಂಡು, ಒಂದೇ ಕೌದಿಯಲ್ಲಿ ಮಲಗಿದರು. “ಆ ನಾಕ ವರ್ಷ ಅಷ್ಟ ಅಕ್ಕೋರ ನಾ ಬಾಳೇವು ಮಾಡಿದ್ದು” ಎಂದಳು ದಾನವ್ವ. ತಂಗಿಗೂ ಮಕ್ಕಳಾಗಲಿಲ್ಲ. ಇಬ್ಬರನ್ನು ಕೂಡಿಸಿ ಉಣಿಸಲು ಇದೇನು ಮಠವೇ ಎಂದು ಅತ್ತೆ ಕಿರಿಯವಳನ್ನು ತವರಾದ ಮುಗದಕ್ಕೆ ಕಳಿಸಿಬಿಟ್ಟಳು. ಇಪ್ಪತ್ತಾರು ವರ್ಷವಾಯಿತು. ಮುಗದ ಇಲ್ಲಿಂದ ಬಸ್ಸಿಗೆ ಒಂದು ತಾಸೂ ಇಲ್ಲ. ಅತ್ತೆ ಸತ್ತಳು, ಗಂಡ ಸತ್ತ. ದಾನವ್ವ ಹೋಗಲಿಲ್ಲ.

“ಯಾಕ?” ಎಂದೆ.

“ಯಾವ ಮುಖ ಇಟ್ಕೊಂಡು ಹೋಗ್ಲಿ?”

ನಾನು ಬಯ್ದೆ. ಎರಡು ದಿನ ಬಿಟ್ಟು ಮತ್ತೆ ಬಯ್ದೆ. ಮೂರನೆಯ ದಿನ ಆಕೆ ಆ ಹಳೆಯ ಅಳತೆ ಹಾಸಿ ಅಂಚಿನ ಖಣದ ಬಟ್ಟೆಯಲ್ಲಿ ಒಂದು ಕುಬಸ ಹೊಲಿದಳು. ತಂಗಿ ಈಗ ದಪ್ಪಗಾಗಿರಬಹುದೆಂದು ಎಲ್ಲ ಕಡೆ ಎರಡೆರಡು ಬೆರಳು ಹೆಚ್ಚಿಗೆ ಬಿಟ್ಟಿದ್ದಳು. ರವಿವಾರ ಇಬ್ಬರೂ ಮುಗದದ ಬಸ್ಸು ಹತ್ತಿದೆವು.

ರಾಜೇಶ್ವರಿ ಅಣ್ಣನ ಮಗನ ಮನೆಯ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ದಪ್ಪಗಾಗಿರಲಿಲ್ಲ, ಒಣಗಿ ಕಡ್ಡಿಯಾಗಿದ್ದಳು. ಅಕ್ಕನನ್ನು ನೋಡಿ ಎದ್ದು ಒಳಗೆ ಹೋದಳು. ಎರಡು ತಂಬಿಗೆ ನೀರು ತಂದು, ನನಗೊಂದು, ಅಕ್ಕನಿಗೊಂದು ಇಟ್ಟಳು. ಮನೆಯವರಾದರೆ ತಾವೇ ಒಳಗೆ ಹೋಗಿ ಕುಡಿಯುತ್ತಾರೆ, ನೀರು ಇಡುವುದು ಬಂದವರಿಗೆ. ದಾನವ್ವ ತಂಬಿಗೆ ಮುಟ್ಟಲಿಲ್ಲ.

“ಅವತ್ತ ನೀ ಬಾಗಲದ ತನಕಾರ ಬರಬೇಕಿತ್ತು” ಎಂದಳು ರಾಜೇಶ್ವರಿ.

“ಬರಬೇಕಿತ್ತವ್ವ.”

“ಯಾಕ ಬರಲಿಲ್ಲ?”

“ಅಂಜಿದ್ದೆ. ನಿನ್ನ ಕಳಸಲಿಲ್ಲಂದ್ರ ನನ್ನ ಕಳಸ್ತಿದ್ರು.”

ಇದನ್ನು ಆಕೆ ನನಗೂ ಹೇಳಿರಲಿಲ್ಲ. ನನಗೆ ಅಲ್ಲಿ ಕೂರುವುದೇ ಕಷ್ಟವಾಯಿತು. ರಾಜೇಶ್ವರಿ ಉಳಿದ ಅವರೆಕಾಯಿಯನ್ನೆಲ್ಲ ಸುಲಿದು ಮುಗಿಸಿದಳು. ಆಮೇಲೆ ಅಕ್ಕನ ಪಕ್ಕದಲ್ಲಿದ್ದ ಖಣದ ಕುಬಸ ಎತ್ತಿಕೊಂಡು ಒಳಗೆ ಹೋಗಿ, ತೊಟ್ಟು ಬಂದಳು. ಅದು ಮೈಮೇಲೆ ಜೋಲಾಡುತ್ತಿತ್ತು. ದಾನವ್ವನ ಕೈ ತಾನಾಗಿಯೇ ಮೇಲೆದ್ದು, ಭುಜದ ಹತ್ತಿರ ಬಟ್ಟೆಯನ್ನು ಚಿವುಟಿ ಹಿಡಿದು ಪಿನ್ನು ಹಾಕಿತು. ಕತ್ತಿನ ಹಿಂದಿನ ಕೂದಲನ್ನು ಸರಿಸಿತು. ರಾಜೇಶ್ವರಿ ಕತ್ತು ಬಗ್ಗಿಸಿ ನಿಂತಿದ್ದಳು.

ಬಸ್ಸಿನ ಹೊತ್ತಿಗೆ ಕುಬಸ ಬಿಚ್ಚಿ ಮಡಚಿ ಅಕ್ಕನ ಕೈಗಿಟ್ಟಳು. “ಬಿಗಿ ಮಾಡಿ ಇಡು. ಒಯ್ಯಾಕ ನಾನ ಬರ್ತೇನಿ.”

“ಯಾವಾಗ?”

“ಸ್ವಾಮಾರ.”

ಯಾವ ಸೋಮವಾರ ಎಂದು ಆಕೆ ಹೇಳಲಿಲ್ಲ.

ದಾನವ್ವನ ಜನ್ಮದಲ್ಲಿ ಕೊಟ್ಟ ದಿನವೇ ಮುಗಿದ ಹೊಲಿಗೆ ಅದೊಂದೇ. ಅವತ್ತು ಸಂಜೆಯೇ ಕುಬಸ ಬಿಗಿಯಾಗಿ, ಇಸ್ತ್ರಿಯಾಗಿ, ಅಳತೆಯ ಜಾಗದಲ್ಲಿ ಮೊಳೆಗೆ ಏರಿತು. ಹಕ್ಕಿಗಳು ತತ್ತಿ ಬಿಟ್ಟೆದ್ದು ಹೊಸ ಕಾಗದ ಕತ್ತರಿಸುತ್ತಿವೆ. ನನ್ನ ಎರಡು ಕುಬಸ ಇನ್ನೂ ಆಕೆಯ ಹತ್ತಿರವೇ ಇವೆ, ನಾನು ಕೇಳುತ್ತಿಲ್ಲ. ಏಳು ಸೋಮವಾರ ಕಳೆದವು. ಪ್ರತಿ ಸೋಮವಾರವೂ ಮುಗದದ ಮೊದಲ ಬಸ್ಸು ಬರುವ ಹೊತ್ತಿಗೆ ದಾನವ್ವ ಬಾಗಿಲಿಗೆ ಬಂದು ನಿಲ್ಲುತ್ತಾಳೆ.