ಹಲಸೂರಿನವರೆಗೆ ತಮ್ಮನ ಆಟೋದಲ್ಲಿ

ಕಲಬುರಗಿಯಿಂದ ಬಂದು ಕಂಟೋನ್ಮೆಂಟ್ ನಿಲ್ದಾಣದಲ್ಲಿ ಇಳಿದಾಗ ತಮ್ಮ ಮಲ್ಲಪ್ಪ ಆಟೋದ ಸೀಟಿಗೆ ಹೊಸ ಟವೆಲ್ ಹಾಸಿಕೊಂಡು ಕಾದಿದ್ದ.

"ಬಾ ಅಣ್ಣಾ, ನಿಮ್ಮ ಸಾಹೇಬರಿಗೂ ಜಾಗ ಅದ."

ಸಾಹೇಬರೆಂದರೆ ನಮ್ಮ ಕಾಲೇಜಿಗೆ ಅತಿಥಿಯಾಗಿ ಬಂದಿದ್ದ ಡೆನ್ಮಾರ್ಕಿನ ಪ್ರೊಫೆಸರ್. ಅವರಿಗೆ ಮಲ್ಲಪ್ಪ ಯಾರೆಂದು ನಾನು ಹೇಳಲಿಲ್ಲ. ಶಿವಾಜಿನಗರದ ಗದ್ದಲದಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ದೇಶದ ಕಿರಿಯ ರಾಜಕುಮಾರನ ಸುದ್ದಿ ತೆಗೆದರು. ಅಣ್ಣ ದೇಶಕ್ಕೇ ರಾಜ. ತಮ್ಮನೋ ಸೈನ್ಯದಲ್ಲಿದ್ದು, ಆಮೇಲೆ ಅಮೆರಿಕದಲ್ಲಿರುವ ಅವರ ರಾಯಭಾರ ಕಚೇರಿಯಲ್ಲಿ ನೌಕರಿಗೆ ಸೇರಿದ. ಅವನ ಮಕ್ಕಳಿಗೆ ರಾಜಕುಮಾರ ಎಂಬ ಬಿರುದೂ ಉಳಿದಿಲ್ಲ.

"ನಿಮಗೂ ತಮ್ಮ ಇದ್ದಾರಾ?" ಎಂದು ಕೇಳಿದರು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. "ಒಬ್ಬ ಬ್ರದರ್ ಇದ್ದಾನೆ, ಊರಲ್ಲಿ ಬಿಸಿನೆಸ್," ಎಂದೆ.

ಅಷ್ಟು ಇಂಗ್ಲಿಷ್ ಮಲ್ಲಪ್ಪನಿಗೂ ಬರುತ್ತದೆ. ಕನ್ನಡಿಯಲ್ಲಿ ಅವನ ಕಣ್ಣು ಕಂಡು ನಾನು ತಲೆ ತಗ್ಗಿಸಿದೆ. ಹಲಸೂರಿನ ಹೋಟೆಲ್ ಮುಂದೆ ಆಟೋ ನಿಲ್ಲಿಸಿ, ನನ್ನ ಚೀಲ ಇಳಿಸಿಕೊಟ್ಟು ಹೇಳಿದ:

"ಬಂತು, ಇಳೀರಿ ಸಾರ್."