ಹುಳ ಮುಟ್ಟದ ತುಂಬೆ

“ಸೂರ್ಯ ಹುಟ್ಟುವ ಮೊದಲು ಕಿತ್ತ ತುಂಬೆಯನ್ನು ಹುಳ ಮುಟ್ಟಿರುವುದಿಲ್ಲ, ಅದಕ್ಕೇ ಅದು ಶಿವನಿಗೆ ಶ್ರೇಷ್ಠ.” ನಮ್ಮ ಕಡೆ ಈ ಮಾತನ್ನು ಹೇಳುವವರು ಬಹಳ. ಹೂವಿನೊಳಗೆ ಇಣುಕಿ ಹೇಳಿದವರು ನನಗೆ ಒಬ್ಬರೂ ಸಿಕ್ಕಿಲ್ಲ.

ಗುಬ್ಬಿಯಲ್ಲಿರುವ ನನ್ನ ಅಕ್ಕನೂ ಹಾಗೆ ನಂಬಿದವಳೇ. ಅವಳ ಹಿತ್ತಿಲ ಬೇಲಿಯುದ್ದಕ್ಕೂ ತುಂಬೆ ಬೆಳೆದಿದೆ. ಈ ಇಳಿವಯಸ್ಸಿನಲ್ಲಿ ಯಾರ ಬಳಿಯೂ ಕಲಿಯದೆ, ಸಣ್ಣದನ್ನು ತೀರ ಹತ್ತಿರದಿಂದ ಸೆರೆಹಿಡಿಯುವ ಮ್ಯಾಕ್ರೋ ಫೋಟೋಗ್ರಫಿಗೆ ಕೈಹಾಕಿದ ನನಗೆ, ಆ ಮಾತನ್ನು ಪರೀಕ್ಷಿಸಿಯೇ ತೀರುವ ಹಟ ಹಿಡಿಯಿತು. ಕುಣಿಗಲ್‌ನಲ್ಲಿ ಸ್ಟುಡಿಯೊ ಮುಚ್ಚುತ್ತಿದ್ದವರೊಬ್ಬರಿಂದ, ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸಿಕ್ಕಿಸುವ ಬಳೆಯಂಥ ಟ್ಯೂಬನ್ನು ತಂದೆ. ಸಣ್ಣದೆಲ್ಲ ದೊಡ್ಡದಾಗಿ ಕಾಣುತ್ತದೆ ಎಂದರು. ಕೈನಡುಕವೂ ಅಷ್ಟೇ ದೊಡ್ಡದಾಗುತ್ತದೆ ಎನ್ನಲಿಲ್ಲ.

ನಾನಿರುವ ಮರಳೂರಿನಿಂದ ಹೊರಟು ಮೊದಲ ಬಸ್ಸಿನಲ್ಲಿ ಗುಬ್ಬಿ ತಲುಪುವಷ್ಟರಲ್ಲಿ ಅಕ್ಕ ಬೇಲಿಯನ್ನೆಲ್ಲ ಬರಿದು ಮಾಡಿರುತ್ತಿದ್ದಳು.

“ಒಂದ್ ಗಿಡ ಬಿಡು ಅಂದಿದ್ನಲ್ಲಕ್ಕ?”

“ಶಿವನಿಗಿಂತ ನಿನ್ ಫೋಟೋ ಹೆಚ್ಚೇನೋ? ಬೇಗ ಏಳೋದ್ ಕಲಿ.”

ಮೂರು ಸಲ ಹೀಗಾಯಿತು. ಹಿಂದಿನ ದಿನವೇ ಹೋಗಿ ಉಳಿದರೆ, ಬೆಳಗಿನ ಗಾಳಿಗೆ ಹೂವು ನಿಲ್ಲಲಿಲ್ಲ. ತೆಗೆದ ಚಿತ್ರಗಳೆಲ್ಲ ಸುಣ್ಣ ಬಳಿದಂತೆ ಮಸುಕು. ಸಿಟ್ಟಿನಿಂದ ಒಳಗೆ ಬಂದಾಗ, ಅಕ್ಕ ಸೂರ್ಯ ಹುಟ್ಟುವ ಮೊದಲೇ ಕಿತ್ತು ತುಂಬಿದ್ದ ಪೂಜೆಯ ಬುಟ್ಟಿ ಕಣ್ಣಿಗೆ ಬಿತ್ತು. ಪರೀಕ್ಷಿಸಬೇಕಾದದ್ದು ಕಿತ್ತ ಹೂವನ್ನು. ನಾನು ಇಷ್ಟು ದಿನ ಗಿಡದ ಮುಂದೆ ಮಂಡಿಯೂರಿದ್ದೆ! ಬುಟ್ಟಿಗೆ ಮುಖ ತಗ್ಗಿಸಿದೆ.

“ಮೂಸ್ಬೇಡ ಕಣೋ, ಪೂಜೆಗಾಗಲ್ಲ!”

“ಮೂಸ್ತಿಲ್ಲಕ್ಕ, ನೋಡ್ತಿದೀನಿ.”

“ನಿನ್ ಮೂಗು ತಗಲ್ತು. ಅದನ್ನ ನೀನೇ ಇಟ್ಕೋ.”

ಹೀಗೆ ದಕ್ಕಿದ ಒಂದೇ ಹೂವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಅಲುಗಿಸದೆ ಎರಡು ಚಿತ್ರ ತೆಗೆದೆ. ಬಿಳಿ ಎಸಳಿನ ಮೇಲೆ ಎಳ್ಳಿಗಿಂತ ಸಣ್ಣದೊಂದು ಕಪ್ಪು ಹುಳ!

ಪ್ರಿಂಟ್ ಹಾಕಿಸಿ ತಂದಾಗ ಅಕ್ಕ ಕನ್ನಡಕ ಏರಿಸಿ ನೋಡಿದಳು. “ಇದು ನಿನ್ ಕ್ಯಾಮೆರಾದ ಧೂಳು. ಒರೆಸ್ಕೋ ಹೋಗು.”

ಧೂಳೂ ಇತ್ತು, ನಿಜ. ಬಲ ಮೂಲೆಯಲ್ಲೊಂದು ಕಲೆ. ಆದರೆ ಎರಡು ಚಿತ್ರಗಳಲ್ಲೂ ಆ ಕಲೆ ಇದ್ದಲ್ಲೇ ಇದೆ. ಹುಳ ಮಾತ್ರ ಎಸಳಿನ ನಡುವಿನಿಂದ ಅಂಚಿಗೆ ನಡೆದಿದೆ. ಧೂಳಿಗೆ ಕಾಲಿರುತ್ತದೆಯೇ ಎಂದು ಕೇಳಿದೆ. ಅವಳು ಒಪ್ಪಲಿಲ್ಲ. ನನಗಾಗಿ ಇಂದಿಗೂ ಒಂದು ಗಿಡ ಬಿಟ್ಟಿಲ್ಲ. ಆದರೆ ಹೂವನ್ನು ಬುಟ್ಟಿಗೆ ಹಾಕುವ ಮೊದಲು ಈಗ ಒಮ್ಮೆ ಕೊಡವುತ್ತಾಳೆ. ಯಾಕೆಂದು ಕೇಳಿದರೆ, “ಮಂಜು” ಎನ್ನುತ್ತಾಳೆ.

ಎರಡು ಪ್ರಿಂಟುಗಳನ್ನೂ ಅವಳ ನಡುಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ. ಅಳತೆಪಟ್ಟಿಯೊಂದು ಅಲ್ಲೇ ದಾರದಲ್ಲಿ ತೂಗುತ್ತಿದೆ. ಕಲೆ ಎಷ್ಟು ಸರಿದಿದೆ, ಹುಳ ಎಷ್ಟು ನಡೆದಿದೆ ಎಂದು ಬಂದವರು ಅಳೆದು ನೋಡಬಹುದು.